ಮರುದಿನವೂ ಹೋಗೋಣ



ಸಾಧಾರಣ ಕಾಲದ 33ನೇ ಭಾನುವಾರವನ್ನು ಧರ್ಮಸಭೆ 2017ರಿಂದ ಬಡವರ ವಿಶ್ವ ದಿನವನ್ನಾಗಿ ಆಚರಿಸುತ್ತಿದೆ. ವಿಶ್ವಗುರು ಫ್ರಾನ್ಸಿಸ್ ಅವರು ನಮಗೆ ಕೊಟ್ಟ ದಿನವಿದು. ನಮ್ಮ ನಲ್ಲಂಪಳ್ಳಿ ಕಡೆ ಅದು ಹಿಂಗಾರು ಮಳೆಯ ಕಾಲ. ನಾವು ಬಾಗಿಲು ಹಾಕಿಕೊಂಡು ಬೆಚ್ಚಗೆ ಮಲಗುವ ರಾತ್ರಿಗಳಲ್ಲಿ ಮುಚ್ಚಿದ ಅಂಗಡಿಯ ಜಗಲಿಯನ್ನೇ ಮನೆ ಮಾಡಿಕೊಂಡವರೂ ಇರುತ್ತಾರೆ. 2011ರ ಜನಗಣತಿಯಲ್ಲಿ ನಮ್ಮ ದೇಶದ 17 ಲಕ್ಷಕ್ಕೂ ಹೆಚ್ಚು ಜನ ಮನೆಯಿಲ್ಲದವರೆಂದು ಎಣಿಕೆಯಾದರು.

ಇಂಥವರಿಗಾಗಿ ಶಾಲೆ ಕಾಲೇಜಿನ ಮಕ್ಕಳು ಕಂಬಳಿ, ಬಟ್ಟೆ, ಅಕ್ಕಿ ಕೇಳಿಕೊಂಡು ಮನೆಬಾಗಿಲಿಗೆ ಬಂದರೆ ಸಂತೋಷದಿಂದ ಕೊಡೋಣ. ಆದರೆ ಅಷ್ಟಕ್ಕೇ ನಿಲ್ಲುವುದು ಬೇಡ.

1833ರಲ್ಲಿ ಪ್ಯಾರಿಸ್‌ನಲ್ಲಿ ಓದುತ್ತಿದ್ದ ಫ್ರೆಡರಿಕ್ ಓಜಾನಾಂ ಅವರಿಗೆ ಇಪ್ಪತ್ತು ವರ್ಷ. ವಿಶ್ವಾಸದ ಪರವಾಗಿ ಚೆನ್ನಾಗಿ ವಾದಿಸುತ್ತಿದ್ದರು. ನಿಮ್ಮ ಧರ್ಮಸಭೆ ಇಂದು ಬಡವರಿಗೆ ಏನು ಮಾಡುತ್ತಿದೆ ಎಂದು ಎದುರಾಳಿಗಳು ಕೇಳಿದಾಗ ಅವರಿಗೆ ಮಾತು ಸಾಲದೆನಿಸಿತು. ತಮ್ಮ ಪಾಲಿನ ಸೌದೆಯನ್ನು ಗೆಳೆಯನೊಡನೆ ಹೊತ್ತು ಒಂದು ಬಡಮನೆಗೆ ಕೊಟ್ಟು ಬಂದರು. ಕೆಲವೇ ವಿದ್ಯಾರ್ಥಿಗಳು ಹೀಗೆ ಆರಂಭಿಸಿದ ಗುಂಪೇ ಇಂದಿನ ಸಂತ ವಿನ್ಸೆಂಟ್ ದೆ ಪೌಲ್ ಸಭೆ. ನಮ್ಮ ಧರ್ಮಪುರಿ ಧರ್ಮಕ್ಷೇತ್ರ ಸ್ಥಾಪನೆಯಾದ 1997ರಲ್ಲೇ ಓಜಾನಾಂ ಅವರನ್ನು ಪುನೀತರೆಂದು ಘೋಷಿಸಲಾಯಿತು.

ಆ ಹುಡುಗರು ಬಡವರನ್ನು ತಮ್ಮಲ್ಲಿಗೆ ಕರೆಸಿ ಸಾಲಿನಲ್ಲಿ ನಿಲ್ಲಿಸಲಿಲ್ಲ. ತಾವೇ ಹೋದರು; ಪಕ್ಕದಲ್ಲಿ ಕುಳಿತು ಮಾತು ಕೇಳಿದರು; ಮತ್ತೆ ಮತ್ತೆ ಹೋದರು. ಕಂಬಳಿ ಕೊಟ್ಟು, ಚಿತ್ರ ತೆಗೆದು ಹಿಂತಿರುಗಿದರೆ ನಮ್ಮ ಕಾರ್ಯಕ್ರಮ ಮುಗಿಯುತ್ತದೆ. ಅವರ ರಾತ್ರಿ ಮುಗಿಯುವುದಿಲ್ಲ.

ಅಂತಿಮ ತೀರ್ಪನ್ನು ಕುರಿತು ಸಂತ ಮತ್ತಾಯರ ಶುಭಸಂದೇಶದಲ್ಲಿ ಪ್ರಭು ಯೇಸು ಅನ್ನ, ನೀರು, ಬಟ್ಟೆಯ ಜೊತೆಗೆ ಇನ್ನೂ ಕೆಲವನ್ನು ಎಣಿಸುತ್ತಾರೆ: ಪರದೇಶಿಯನ್ನು ಬರಮಾಡಿಕೊಂಡದ್ದು, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ಹೋಗಿ ಕಂಡದ್ದು. ಕೈಯಿಂದ ಕೊಡುವುದರ ಜೊತೆಗೆ ಕಾಲಿಂದ ನಡೆದು ಹೋಗುವುದನ್ನೂ ಅವರು ಕೇಳುತ್ತಾರೆ. ತಲೆ ಇಡಲು ತಮಗೇ ಸ್ಥಳವಿಲ್ಲವೆಂದು ಹೇಳಿದ ಪ್ರಭು ಅವರು.

ಇಲ್ಲಿ ಕನ್ನಡಿಗರಾದ ನಮಗೆ ಒಂದು ವಿಶೇಷ ಕರೆಯಿದೆ. ತಮಿಳು, ತೆಲುಗು, ಕನ್ನಡ ಬೆರೆತ ಈ ಸೀಮೆಯಲ್ಲಿ ನಾವು ಕೆಲವರೇ. ಯಾರಾದರೂ ನಮ್ಮ ಮಾತಿನಲ್ಲೇ ನಮ್ಮನ್ನು ವಿಚಾರಿಸಿದರೆ ಮನಸ್ಸು ಎಷ್ಟು ಹಗುರಾಗುತ್ತದೆಂದು ಬಲ್ಲೆವು. ಬೀದಿಯಲ್ಲಿ ಮಲಗಿದವರು ಎಲ್ಲಿಂದ ಬಂದವರೋ, ಯಾವ ಭಾಷೆಯವರೋ! ಅಣ್ಣಾ, ಅಮ್ಮಾ ಎಂದು ಕರೆದು ಹೆಸರು ಕೇಳೋಣ. ಏನು ಬೇಕೆಂದು ಅವರೇ ಹೇಳಲಿ. ಒಬ್ಬರಿಗೆ ಮಳೆಗೆ ಹೊದೆಯಲು ಟಾರ್ಪಾಲು ಬೇಕಿರಬಹುದು, ಇನ್ನೊಬ್ಬರಿಗೆ ಆಸ್ಪತ್ರೆಗೆ ಜೊತೆ, ಮತ್ತೊಬ್ಬರಿಗೆ ಊರಿಗೊಂದು ಫೋನು.

ಮಕ್ಕಳು ಮುಂದೆ ನಡೆಯಲಿ. ದೊಡ್ಡವರಾದ ನಾವು ಅವರನ್ನು ಒಂಟಿಯಾಗಿ ಕಳಿಸದೆ ಜೊತೆಗೆ ಹೋಗೋಣ, ಮುಂದಿನ ವಾರವೂ ಹೋಗೋಣ. ಪರಮಪ್ರಸಾದದಲ್ಲಿ ನಮ್ಮೊಳಗೆ ಬಂದು ನೆಲೆಸುವ ಪ್ರಭು, ಜಗಲಿಯ ಮೇಲೆ ಮಲಗಿರುವ ತಮ್ಮನ್ನು ಗುರುತಿಸುವ ಕಣ್ಣನ್ನು ನಮಗೆ ಕೊಡಲಿ. ಆಮೆನ್.