ವಾದದಲ್ಲಿ ನಮ್ಮ ಮುಖ ಯಾರ ಕಡೆಗಿದೆ?



ದೇವರನ್ನು ನಂಬದ ಒಬ್ಬ ವ್ಯಕ್ತಿ ನಿಮ್ಮೆದುರು ಕುಳಿತು ಮಾತನಾಡಿದ್ದುಂಟೇ? ವೇದಿಕೆಯ ಭಾಷಣಕಾರರ ವಿಷಯ ಬಿಡಿ. ನಿಮ್ಮ ನಡುವೆಯೇ ಉಂಡು ಬೆಳೆದ, ನಿಮ್ಮನ್ನು ಕಂಡರೆ ಇಂದಿಗೂ ಎದ್ದು ನಿಲ್ಲುವ ಒಬ್ಬ ಹುಡುಗ ಹಾಗೆ ಹೇಳಿದರೆ ನೀವೇನು ಮಾಡುವಿರಿ? ನನಗೆ ಅಂತಹ ಅನುಭವವಾಗಿದೆ. ಅಂದಿನ ವಾದದಲ್ಲಿ ಗೆದ್ದವನು ನಾನು. ಆ ಗೆಲುವನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ರಮಝಾನಿನ ಒಂದು ಸಂಜೆ ಪರಿಚಯಸ್ಥರೊಬ್ಬರ ಮನೆಯಲ್ಲಿ ಇಫ್ತಾರ್ ಇತ್ತು. ಆ ಮನೆಯ ಮಗ ಚಿಕ್ಕಂದಿನಲ್ಲಿ ನನ್ನ ಬಳಿಯೇ ಕುರ್‌ಆನ್ ಓದಲು ಕಲಿತವನು. ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ನಮಾಝ್ ಮುಗಿದು ಚಹಾ ಬಂದಾಗ ಹಿರಿಯರೊಬ್ಬರು, "ಉಸ್ತಾದ್, ಇವನು ಏನೇನೋ ಹೇಳುತ್ತಾನೆ, ಸ್ವಲ್ಪ ಬುದ್ಧಿ ಹೇಳಿ" ಎಂದರು. ಹುಡುಗ ತಲೆ ತಗ್ಗಿಸಿದ. ನಾನು ಒತ್ತಾಯಿಸಿದ ಮೇಲೆ ಮೆಲ್ಲಗೆ ಹೇಳಿದ: "ನನಗೆ ದೇವರಿದ್ದಾನೆ ಎಂಬ ನಂಬಿಕೆ ಉಳಿದಿಲ್ಲ ಉಸ್ತಾದ್. ಅಕ್ಕನ ಮಗು ನಾಲ್ಕು ತಿಂಗಳು ಆಸ್ಪತ್ರೆಯಲ್ಲಿ ನರಳಿತು. ಎಲ್ಲರೂ ದುಆ ಮಾಡಿದರು. ಯಾರು ಕೇಳಿಸಿಕೊಂಡರು?"

"ನಿನ್ನ ಕೈಯಲ್ಲಿರುವ ಮೊಬೈಲು ತಾನಾಗಿ ಉಂಟಾಯಿತೇ?" ಎಂದು ನಾನು ಕೇಳಿದೆ.

"ನಾನು ಮೊಬೈಲಿನ ವಿಷಯ ಕೇಳಲಿಲ್ಲ ಉಸ್ತಾದ್."

"ಪರೀಕ್ಷೆಯಲ್ಲಿ ನಾಲ್ಕು ಅಂಕ ಬಂದ ಕೂಡಲೇ ಸೃಷ್ಟಿಕರ್ತನಿಗೇ ಅಂಕ ಕೊಡಲು ಹೊರಟೆಯಾ?" ಎಂದೆ. ಎಲ್ಲರೂ ನಕ್ಕರು. ನಾನು ಒಮ್ಮೆ ಸುತ್ತಲೂ ನೋಡಿದೆ. ಹುಡುಗ ಲೋಟ ಕೆಳಗಿಟ್ಟು ಎದ್ದುಹೋದ.

ಎರಡು ತಿಂಗಳ ಬಳಿಕ ಅವನ ತಂದೆ ದಾರಿಯಲ್ಲಿ ಸಿಕ್ಕರು. "ನೀವು ಸರಿಯಾದ ಉತ್ತರವನ್ನೇ ಕೊಟ್ಟಿರಿ ಉಸ್ತಾದ್. ಆದರೆ ಅವನು ಹಬ್ಬಕ್ಕೂ ಮನೆಗೆ ಬರಲಿಲ್ಲ" ಎಂದರು. ಆ ಧ್ವನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಇಂತಹದೇ ಒಂದು ಘಟನೆಯನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೆ ಅಲ್ಲಿ ಗೆದ್ದವನು ನಾಸ್ತಿಕ. 1891ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಚಾರ್ಲ್ಸ್ ಬ್ರಾಡ್ಲಾ ಎಂಬ ಪ್ರಸಿದ್ಧ ನಾಸ್ತಿಕರು ತೀರಿಕೊಂಡರು. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಾಗಿದ್ದ ಅವರು ಭಾರತೀಯರ ಪರವಾಗಿ ದನಿಯೆತ್ತಿದವರು. 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದವರು. ಅವರ ಅಂತ್ಯಕ್ರಿಯೆಗೆ ಗಾಂಧೀಜಿಯೂ ಹೋದರು. ಮರಳುವಾಗ ರೈಲು ನಿಲ್ದಾಣದಲ್ಲಿ ಒಬ್ಬ ನಾಸ್ತಿಕ ಅಲ್ಲಿದ್ದ ಪಾದ್ರಿಯೊಬ್ಬರನ್ನು ಹಿಡಿದು ಕೆಣಕಿದ. ಭೂಮಿಯ ಸುತ್ತಳತೆ ಇಷ್ಟು ಎಂದು ಒಪ್ಪುವಿರಲ್ಲವೇ, ಹಾಗಾದರೆ ನಿಮ್ಮ ದೇವರ ಗಾತ್ರವೆಷ್ಟು, ಅವನಿರುವುದೆಲ್ಲಿ ಎಂದು ಕೇಳಿದ. ಅವನು ನಮ್ಮಿಬ್ಬರ ಹೃದಯದಲ್ಲೂ ಇದ್ದಾನೆ ಎಂಬ ಅರ್ಥದಲ್ಲಿ ಪಾದ್ರಿ ಉತ್ತರಿಸಿದರು. ಆತ ಅದನ್ನು ತಳ್ಳಿಹಾಕಿ, ಗೆದ್ದವನಂತೆ ನೆರೆದವರ ಕಡೆಗೆ ನೋಡಿದ. ಪಾದ್ರಿ ಸುಮ್ಮನಾದರು. ಪರಿಣಾಮವೇನಾಯಿತು? ನಾಸ್ತಿಕತೆಯ ಬಗ್ಗೆ ತನಗಿದ್ದ ಅಸಮಾಧಾನ ಇನ್ನಷ್ಟು ಬೆಳೆಯಿತೆಂದು ಗಾಂಧೀಜಿ ದಾಖಲಿಸಿದ್ದಾರೆ.

ಓದುಗರೇ, ಇದನ್ನು ಓದಿದ ದಿನ ನನಗೆ ಕನ್ನಡಿ ನೋಡಿದಂತಾಯಿತು. ಆ ನಾಸ್ತಿಕನೂ ನಾನೂ ವಿಶ್ವಾಸದಲ್ಲಿ ಪೂರ್ವ ಪಶ್ಚಿಮಗಳಷ್ಟು ದೂರ. ಆದರೆ ವಾದ ಮುಗಿಸಿ ನಾವಿಬ್ಬರೂ ನೋಡಿದ್ದು ಒಂದೇ ಕಡೆಗೆ, ನೆರೆದವರ ಕಡೆಗೆ. ದ್ವೇಷದ ವಾದವನ್ನು ಗುರುತಿಸಲು ಇದಕ್ಕಿಂತ ಸುಲಭವಾದ ಲಕ್ಷಣ ನನಗೆ ತಿಳಿದಿಲ್ಲ. ಅಲ್ಲಿ ಮಾತು ಎದುರಿನವನಿಗೆ, ಮುಖ ಮಾತ್ರ ಸಭಿಕರಿಗೆ.

ಪ್ರವಾದಿ(ಸ)ಯವರ ಜೀವನದಲ್ಲಿ ನಾವು ಕಾಣುವುದು ಇದಕ್ಕೆ ತೀರಾ ಭಿನ್ನವಾದ ರೀತಿ. ಮಕ್ಕಾದ ಮುಖಂಡ ಉತ್‌ಬಾ ಬಿನ್ ರಬೀಅ ಒಮ್ಮೆ ಪ್ರವಾದಿ(ಸ)ಯವರ ಬಳಿಗೆ ಬಂದ. ಸಂಪತ್ತು ಬೇಕೇ, ನಾಯಕತ್ವ ಬೇಕೇ, ರೋಗವಿದ್ದರೆ ಚಿಕಿತ್ಸೆ ಮಾಡಿಸಬೇಕೇ ಎಂದೆಲ್ಲ ಕೇಳಿದ. ಅಲ್ಲಾಹನ ಸಂದೇಶವಾಹಕರೊಡನೆ ಆಡಬಾರದ ಮಾತುಗಳವು. ಪ್ರವಾದಿ(ಸ) ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಅವನು ನಿಲ್ಲಿಸಿದ ಮೇಲೆ, ಹೇಳಬೇಕಾದುದೆಲ್ಲ ಮುಗಿಯಿತೇ ಎಂದು ವಿಚಾರಿಸಿದರು. ಅದೂ ಹೇಗೆ? ಅರಬರು ಗೌರವ ತೋರಲು ಬಳಸುವಂತೆ, ಅವನ ಮಗನ ಹೆಸರು ಸೇರಿಸಿ "ಅಬುಲ್ ವಲೀದ್" ಎಂದು ಕರೆದು. ಅನಂತರವೇ ಕುರ್‌ಆನ್ ಓದಿ ಕೇಳಿಸಿದರು. ನಾನಾದರೋ ನನ್ನ ಶಿಷ್ಯನ ಎರಡನೆಯ ವಾಕ್ಯಕ್ಕೇ ಕಾಯಲಿಲ್ಲ.

ಪವಿತ್ರ ಕುರ್‌ಆನಿನ ಬೋಧನೆಯೂ ಇದೇ. ಫಿರ್‌ಔನನಂತಹ ಅಹಂಕಾರಿಯ ಬಳಿಗೆ ಕಳುಹಿಸುವಾಗಲೂ ಪ್ರವಾದಿ ಮೂಸಾ(ಅ) ಮತ್ತು ಹಾರೂನ್(ಅ)ರಿಗೆ ಮೃದುವಾಗಿ ಮಾತನಾಡಲು ಆದೇಶವಾಗಿತ್ತು (20:44). ಪ್ರವಾದಿ ಇಬ್ರಾಹೀಮ್(ಅ), ಸತ್ತವರನ್ನು ಬದುಕಿಸುವ ಬಗೆಯನ್ನು ತೋರಿಸೆಂದು ಕೇಳಿಕೊಂಡಾಗ ಅಲ್ಲಾಹನು ಅವರನ್ನು ಗದರಿಸಲಿಲ್ಲ, ತೋರಿಸಿಕೊಟ್ಟನು (2:260). ಇತರರು ಆರಾಧಿಸುವವುಗಳನ್ನು ನಿಂದಿಸಬಾರದೆಂದೂ, ಹಾಗೆ ಮಾಡಿದರೆ ಅವರು ಅಜ್ಞಾನದಿಂದ ಅಲ್ಲಾಹನನ್ನೇ ನಿಂದಿಸಿಯಾರೆಂದೂ ಎಚ್ಚರಿಸಲಾಗಿದೆ (6:108). ನಮ್ಮ ನಿಂದೆಯಿಂದ ಹುಟ್ಟುವ ನಿಂದೆಯಲ್ಲಿ ನಮಗೂ ಪಾಲಿದೆ ಎಂದಲ್ಲವೇ ಇದರ ಅರ್ಥ?

"ಹಾಗಾದರೆ ತಪ್ಪನ್ನು ತಪ್ಪೆನ್ನಬಾರದೇ?" ಎಂದು ನೀವು ಕೇಳಬಹುದು. ಖಂಡಿತವಾಗಿ ಎನ್ನಬೇಕು. ಗೌರವವೆಂದರೆ ಎದುರಾಳಿಯ ಅಭಿಪ್ರಾಯಕ್ಕೆ ತಲೆದೂಗುವುದು ಎಂದಲ್ಲ. ಇಮಾಮ್ ಗಝಾಲಿ(ರ) ತತ್ವಜ್ಞಾನಿಗಳ ವಾದಗಳನ್ನು ಎಷ್ಟು ಕಟುವಾಗಿ ಖಂಡಿಸಿದರೆಂದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಮೊದಲು ಅವರು ಮಾಡಿದ್ದೇನು? ಬಗ್ದಾದಿನಲ್ಲಿ ಮುನ್ನೂರು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಲೇ, ಬಿಡುವಿನ ವೇಳೆಯಲ್ಲಿ ಸುಮಾರು ಎರಡು ವರ್ಷ ಆ ತತ್ವಜ್ಞಾನವನ್ನು ಓದಿದರು. ಬಳಿಕ ಒಂದು ವರ್ಷ ಅದನ್ನೇ ಮತ್ತೆ ಮತ್ತೆ ಮನನ ಮಾಡಿದರು. ಒಂದು ವಿದ್ಯೆಯಲ್ಲಿ ಅದರ ಪಂಡಿತರಷ್ಟೇ ನುರಿತವನಾಗದೆ ಅದರ ದೋಷವನ್ನು ಅರಿಯಲಾಗದು ಎಂಬುದು ಅವರ ನಿಲುವು. ಇನ್ನೊಂದು ಪಂಥದವರ ವಾದವನ್ನು ಖಂಡಿಸುವ ಮೊದಲು ಅವರು ಅದನ್ನು ಎಷ್ಟು ಸಮರ್ಥವಾಗಿ ನಿರೂಪಿಸಿದರೆಂದರೆ, ಎದುರಾಳಿಗಳಿಗೆ ನೀವೇ ನೆರವಾದಿರಿ ಎಂದು ನಮ್ಮವರೇ ಆಕ್ಷೇಪಿಸಿದರು. ನಾವಾದರೋ ಎರಡು ವರ್ಷವಿರಲಿ, ಎರಡು ನಿಮಿಷ ಕೊಡಲೂ ಸಿದ್ಧರಿಲ್ಲ.

ಇನ್ನು ಗಾಂಧೀಜಿಯ ಕಥೆಯ ಉತ್ತರಾರ್ಧಕ್ಕೆ ಬರೋಣ. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್, ನಾಸ್ತಿಕತೆಯ ಕಾರಣಕ್ಕೆ ಕಾಲೇಜಿನ ಅಧ್ಯಾಪಕ ಹುದ್ದೆಯನ್ನು ಕಳೆದುಕೊಂಡವರು. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿ, ಅಸ್ಪೃಶ್ಯತೆಯ ವಿರುದ್ಧ ದುಡಿದವರು. 1944ರಲ್ಲಿ ಅವರು ಸೇವಾಗ್ರಾಮಕ್ಕೆ ಬಂದರು. ಇಬ್ಬರೂ ಹಲವು ಬಾರಿ ಕುಳಿತು ಚರ್ಚಿಸಿದರು. ಗಾಂಧೀಜಿ ದೇವರನ್ನು ಬಿಡಲಿಲ್ಲ, ಗೋರಾ ದೇವರನ್ನು ಒಪ್ಪಲೂ ಇಲ್ಲ. ಆದರೆ ಗೋರಾರ ಮಗಳನ್ನು ಹರಿಜನ ಯುವಕನಿಗೆ ಕೊಟ್ಟು ಆಶ್ರಮದಲ್ಲೇ ಮದುವೆ ಮಾಡಲು ಗಾಂಧೀಜಿ ಒಪ್ಪಿದರು. ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳಬಹುದೆಂದರು. ಗಾಂಧೀಜಿಯ ಹತ್ಯೆಯ ಬಳಿಕ, 1948ರ ಮಾರ್ಚಿನಲ್ಲಿ, ಆ ಮದುವೆ ನಡೆಯಿತು. ಗೋರಾ ಈ ಸಂವಾದಗಳನ್ನು ಕುರಿತು ಬರೆದ ಪುಸ್ತಕವನ್ನು 1951ರಲ್ಲಿ ಪ್ರಕಟಿಸಿದ್ದು ಗಾಂಧೀಜಿಯೇ ಕಟ್ಟಿದ ನವಜೀವನ ಸಂಸ್ಥೆ. ದೇವರ ಹೆಸರನ್ನು ಬದಲಿಸುವ ರಿಯಾಯಿತಿ ನಮ್ಮ ನಿಕಾಹ್‌ಗೆ ಹೊಂದದು, ಅದನ್ನು ನಾನು ಹೇಳುತ್ತಲೂ ಇಲ್ಲ. ಅವರಿಬ್ಬರೂ ಒಬ್ಬರ ಮುಖವನ್ನು ಇನ್ನೊಬ್ಬರು ನೋಡಿ ಮಾತನಾಡಿದರು, ನಾವು ಕಲಿಯಬೇಕಾದುದು ಅದನ್ನು.

ಮುಖ ತಿರುಗಿಸಿಕೊಂಡರೆ ದಾರಿ ಎಲ್ಲಿಗೆ ಹೋಗುತ್ತದೆ? 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಕೊಲೆಯಾದಾಗ ನಾವು ಖಂಡಿಸಿದೆವು. ಆದರೆ 2017ರ ಮಾರ್ಚಿನಲ್ಲಿ ಕೊಯಮತ್ತೂರಿನಲ್ಲಿ ಮುಸ್ಲಿಮ್ ಮನೆಯಲ್ಲಿ ಹುಟ್ಟಿ ನಾಸ್ತಿಕನಾದ ಯುವಕನೊಬ್ಬನನ್ನು ಕೊಂದಾಗ, ಬಂಧಿತರಾದವರು ನಮ್ಮ ಹೆಸರಿನವರು. ಮಗನನ್ನು ಕಳೆದುಕೊಂಡ ತಂದೆ, ತಾನೂ ಮಗನ ಸಂಘಟನೆಯನ್ನು ಸೇರುವೆನೆಂದರು. ಧರ್ಮದ ರಕ್ಷಣೆಯೆಂದು ಕತ್ತಿ ಹಿಡಿದವರು ಒಬ್ಬ ತಂದೆಯನ್ನು ಎಲ್ಲಿಗೆ ತಲುಪಿಸಿದರು ನೋಡಿ. ಅಂದು ನಮ್ಮ ಚಹಾಕೂಟದ ನಗುವಿಗೂ ಆ ಕತ್ತಿಗೂ ಬಹಳ ದೂರವಿದೆ, ನಿಜ. ಆದರೆ ಎರಡೂ ಒಂದೇ ರಸ್ತೆಯ ಮೇಲಿವೆ ಎಂಬ ಭಯ ನನ್ನನ್ನು ಬಿಟ್ಟಿಲ್ಲ.

ಕೊನೆಗೊಂದು ದಿನ ನಾನು ಬೆಂಗಳೂರಿಗೆ ಹೋಗಿ ಆ ಹುಡುಗನ ಕೋಣೆಯ ಬಾಗಿಲು ತಟ್ಟಿದೆ. ಕ್ಷಮೆ ಕೇಳಿದೆ. "ಉತ್ತರ ತಂದಿದ್ದೀರಾ ಉಸ್ತಾದ್?" ಎಂದ. "ಇಲ್ಲ. ಅಂದು ನಿನ್ನ ಪ್ರಶ್ನೆಯನ್ನು ಪೂರ್ತಿ ಕೇಳಿರಲಿಲ್ಲ, ಅದನ್ನು ಕೇಳಲು ಬಂದೆ" ಎಂದೆ. ಬಹಳ ಹೊತ್ತಿನ ನಂತರ ಅವನು ಮಾತನಾಡಿದ. ಆ ಮಗುವನ್ನು ಕೊನೆಯ ರಾತ್ರಿ ಎತ್ತಿಕೊಂಡು ಕುಳಿತಿದ್ದವನು ಅವನೇ ಎಂದು ನನಗೆ ಗೊತ್ತಾದದ್ದು ಆಗ.

ಅವನು ಈಗ ವಿಶ್ವಾಸಿಯಾಗಿದ್ದಾನೆ ಎಂದು ಬರೆದರೆ ನಿಮಗೆ ಸಂತೋಷವಾದೀತು, ಆದರೆ ಅದು ಸುಳ್ಳಾದೀತು. ಮುಂದಿನ ಹಬ್ಬಕ್ಕೆ ಅವನು ಮನೆಗೆ ಬಂದ, ತಾಯಿಯ ಪಕ್ಕ ಕುಳಿತು ಉಂಡ. ನಾನು ಕಂಡದ್ದು ಇಷ್ಟೇ. ಮನಸ್ಸುಗಳನ್ನು ತಿರುಗಿಸುವವನು ಅಲ್ಲಾಹನು. ಬಾಗಿಲನ್ನು ಮುಚ್ಚದಿರುವುದಷ್ಟೇ ನಮ್ಮ ಹೊಣೆ.

ನಿಮ್ಮ ಮನೆಯಲ್ಲೂ ನಾಳೆ ಒಂದು ಮಗು ಇಂತಹ ಪ್ರಶ್ನೆ ಕೇಳಬಹುದು. ಆಗ ಸುತ್ತಲೂ ನೋಡಬೇಡಿ. ಅದರ ಮುಖವನ್ನು ನೋಡಿ. ಸತ್ಯವನ್ನು ಮೃದುವಾಗಿ ಹೇಳುವ, ನೋವನ್ನು ತಾಳ್ಮೆಯಿಂದ ಕೇಳುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.