ಅನುಭವಸ್ಥನು ಮತ್ತೆ ತರಗತಿಯಲ್ಲಿ ಕೂರುವಾಗ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳಲ್ಲಿ ಡಿಪ್ಲೊಮಾ ಮುಗಿಸಿ ಹತ್ತು ಹನ್ನೆರಡು ವರ್ಷ ಕಾಲುವೆ, ರಸ್ತೆ, ಸೇತುವೆಗಳ ಕೆಲಸದಲ್ಲಿ ಬಿಸಿಲಿಗೆ ಬೆಂದ ಯುವಕರು ನಮ್ಮ ಮಸೀದಿಗಳ ಸಾಲುಗಳಲ್ಲಿ ಅನೇಕರಿದ್ದಾರೆ. ಮೂವತ್ತು ದಾಟಿದ ಮೇಲೆ ಅವರಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೆಲಸ ಬಿಟ್ಟು ಮತ್ತೆ ಕಾಲೇಜಿಗೆ ಸೇರಿ ಬಿ.ಇ. ಮಾಡಲೇ? ದುಡಿಯುವ ವಯಸ್ಸಿನಲ್ಲಿ ಓದು ಯಾಕಪ್ಪಾ, ಮಕ್ಕಳ ಗತಿಯೇನು ಎಂದು ಮನೆಯ ಹಿರಿಯರು ಕೇಳುತ್ತಾರೆ. ವಿದ್ಯಾರ್ಜನೆ ಮುಸ್ಲಿಮನಿಗೆ ಕಡ್ಡಾಯ, ಹೋಗಿಬಿಡು ಎಂದು ಗೆಳೆಯರು ಹೇಳುತ್ತಾರೆ. ಎರಡೂ ಅವಸರದ ಉತ್ತರಗಳು. ಅವನು ಯಾವುದಕ್ಕಾಗಿ ಹೋಗುತ್ತಿದ್ದಾನೆ ಎಂಬುದನ್ನು ಮೊದಲು ಕೇಳಬೇಕು.

ಈ ಸೀಮೆಯ ಎರೆಮಣ್ಣನ್ನೇ ನೋಡಿ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಕಾಲುವೆಯ ಲೈನಿಂಗ್ ಎದ್ದು ಒಡೆಯುತ್ತದೆ. ಆದ್ದರಿಂದ ನಡುವೆ ಉಬ್ಬದ ಗರಸು ಮಣ್ಣಿನ ಪದರ ಹಾಕಿ ಗಟ್ಟಿ ಮಾಡುತ್ತಾರೆ. ಮುಂಬೈ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿಯವರ ಸಂಶೋಧನೆಯಿಂದ ರೂಪುಗೊಂಡ ವಿಧಾನವಿದು. ಸೈಟಿನಲ್ಲಿ ನಿಂತವನಿಗೆ ಗರಸು ಹಾಕಬೇಕೆಂಬುದು ಗೊತ್ತು. ಎಷ್ಟು ದಪ್ಪ, ಏಕೆ ಅಷ್ಟೇ ದಪ್ಪ ಎಂಬುದು ಮಣ್ಣಿನ ಉಬ್ಬುವ ಒತ್ತಡವನ್ನು ಅಳೆದು ನಿರ್ಧರಿಸುವ ಮಾತು. ಅದು ಅವನಿಗೆ ಗೊತ್ತಿಲ್ಲ. ಎಪ್ಪತ್ತೈದು ಸೆಂಟಿಮೀಟರ್ ಬೇಕಾದ ಕಡೆ ‘ನಲವತ್ತು ಸಾಕು ಬಿಡು’ ಎಂದು ಯಾರಾದರೂ ಹೇಳಿದರೆ ಅವನ ಮನಸ್ಸು ಒಪ್ಪುವುದಿಲ್ಲ, ಆದರೆ ಬಾಯಿ ಏಳುವುದಿಲ್ಲ. ತಪ್ಪೆಂದು ಅನಿಸುವುದು ಬೇರೆ, ತಪ್ಪೆಂದು ತೋರಿಸಿಕೊಡುವುದು ಬೇರೆ.

ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಯಿಟ್ಟು, ಮೇಲೆ ಒಣಗಿದ್ದರೂ ಒಳಗೆ ಒದ್ದೆಯಿರುವುದನ್ನು ಕಂಡು ವ್ಯಾಪಾರಿಯನ್ನು ಎಚ್ಚರಿಸಿದ ಘಟನೆ ನಮಗೆಲ್ಲ ಗೊತ್ತು. ಸಿಂಧನೂರಿನಲ್ಲಿ ಭತ್ತ ಮಾರುವವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಾಂಕ್ರೀಟಿನ ಕೆಳಗಿನ ಪದರವೂ ಅಂಥದೇ ರಾಶಿ. ಆದರೆ ಅದರೊಳಗೆ ಇಡಬೇಕಾದ ಕೈ ಮಾತ್ರ ವಿದ್ಯೆಯದು. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದವಿದೆ. ಹಗುರ ನೀರಾವರಿ ಬೆಳೆಗಳಿಗೆಂದು ಯೋಜಿಸಿದ ಭೂಮಿಯಲ್ಲಿ ಭತ್ತ ಬೆಳೆದು, ಮೇಲ್ಭಾಗದವರೇ ನೀರು ಬಳಸಿಕೊಂಡು, ಕೊನೆ ಭಾಗದ ರೈತ ಗೇಜ್ ನೋಡುತ್ತಾ ಕೂರುವ ಸ್ಥಿತಿ ಹಳೆಯದು. ಮಸ್ಕಿ ಭಾಗದಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು 2020ರಲ್ಲಿ ಧರಣಿ ಕುಳಿತದ್ದೂ ಇದೇ ನೀರಿನ ಹಂಬಲದಿಂದ. ಅಳತೆಯಲ್ಲಿ ಮೋಸ ಮಾಡುವವರನ್ನು ಕುರ್‌ಆನ್ ಒಂದು ಅಧ್ಯಾಯದ ಆರಂಭದಲ್ಲೇ ಕಠಿಣವಾಗಿ ಖಂಡಿಸಿದೆ. ಆ ಅಳತೆ ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತವೆಂದು ಭಾವಿಸುವುದಕ್ಕೆ ಕಾರಣ ಕಾಣುವುದಿಲ್ಲ. ಹರಿಯುವ ನೀರನ್ನು ಲೆಕ್ಕ ಹಾಕಿ ‘ಇದು ಅನ್ಯಾಯ’ ಎಂದು ಕಾಗದದ ಮೇಲೆ ತೋರಿಸಬಲ್ಲವನು ಕೊನೆ ಭಾಗದ ರೈತನ ಪರವಾಗಿ ಸಾಕ್ಷಿ ನುಡಿಯುವವನಾಗುತ್ತಾನೆ. ಆ ಸಾಕ್ಷ್ಯಕ್ಕಾಗಿ ಕಲಿಯಹೊರಟವನ ಓದನ್ನು ಇಬಾದತ್ ಎನ್ನಲು ನನಗೆ ಸಂಕೋಚವಿಲ್ಲ. ಹೆಸರಿನ ಮುಂದೆ ‘ಇಂಜಿನಿಯರ್’ ಎಂದು ಬರೆಸಿಕೊಳ್ಳಲು, ಅಥವಾ ತಮ್ಮನಿಗೆ ಹುಡುಗಿ ಕೊಡುವವರ ಮುಂದೆ ತಲೆಯೆತ್ತಲು ಹೋಗುವವನ ವಿಷಯ ಬೇರೆ.

ಹಾಗೆಂದು ಅನುಭವವನ್ನು ಕೀಳಾಗಿ ಕಾಣಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಲು ಮಾರ್ಗದರ್ಶನ ಮಾಡಿದವರು ಗೇಟುಗಳ ಕೆಲಸದಲ್ಲಿ ಆಯುಷ್ಯ ಸವೆಸಿದ ಇಳಿವಯಸ್ಸಿನ ಕನ್ನಯ್ಯ ನಾಯ್ಡು. ಲಿಂಗಸುಗೂರು ತಾಲೂಕಿನ ಹಟ್ಟಿಯಂತಹ ಗಣಿಗಳಲ್ಲಿ ಮ್ಯಾನೇಜರನ ಪ್ರಮಾಣಪತ್ರ ಬೇಕಾದರೆ ಓದಿನ ಜೊತೆ ಗಣಿಯಲ್ಲಿ ದುಡಿದ ಅನುಭವವನ್ನೂ ಕಾನೂನು ಕೇಳುತ್ತದೆ. ಮಸ್ಕಿಯ ಅಶೋಕ ಶಾಸನವೂ ಹಾಗೆಯೇ. 1915ರಲ್ಲಿ ಅದನ್ನು ಗುರುತಿಸಿದವನು ಬೀಡನ್ ಎಂಬ ಗಣಿ ಇಂಜಿನಿಯರ್. ಅಕ್ಷರಗಳನ್ನು ಓದಿ, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಲು ಲಿಪಿ ಬಲ್ಲ ವಿದ್ವಾಂಸರು ಬೇಕಾದರು.

ಕಷ್ಟವಿರುವುದು ಕೂರುವುದರಲ್ಲಿ. ಹತ್ತು ಮಂದಿ ಮೇಸ್ತ್ರಿಗಳಿಗೆ ಆಜ್ಞೆ ಕೊಟ್ಟವನು ಇಪ್ಪತ್ತರ ಹುಡುಗರ ನಡುವೆ ಕುಳಿತು, ತನಗಿಂತ ಚಿಕ್ಕ ವಯಸ್ಸಿನ ಉಪನ್ಯಾಸಕರ ಮುಂದೆ ಗಣಿತದಲ್ಲಿ ತಡವರಿಸಬೇಕು. ಇಲ್ಲಿ ಸೂರಃ ಅಲ್ ಕಹ್ಫ್‌ನಲ್ಲಿ ಬರುವ ಹ. ಮೂಸಾ(ಅ)ರ ಪ್ರಯಾಣವನ್ನು ನೆನೆಯಬೇಕು. ಅವರು ಅಲ್ಲಾಹನ ಸಂದೇಶವಾಹಕರು, ಒಂದು ಜನಾಂಗದ ನಾಯಕರು. ಆದರೂ ಎಷ್ಟು ಕಾಲ ಹಿಡಿದರೂ ಸರಿಯೆಂದು ಹೊರಟು, ತಮಗೆ ತಿಳಿಯದ್ದನ್ನು ಕಲಿಸುವಂತೆ ಬೇಡಿಕೊಂಡರು. ನಿನಗೆ ಸಹನೆ ಸಾಲದು ಎಂಬ ಉತ್ತರ ಬಂದಾಗಲೂ ಹಿಂದಿರುಗಲಿಲ್ಲ. ಕೊನೆಗೆ ಕುಸಿಯುತ್ತಿದ್ದ ಗೋಡೆಯನ್ನು ಖಿಝರ್(ಅ) ಸರಿಪಡಿಸಿದಾಗ ಮೂಸಾ(ಅ)ರ ಗಮನ ಹೋದದ್ದು ಕೂಲಿಯ ಕಡೆಗೆ. ಗುರುವಿಗೆ ಗೊತ್ತಿದ್ದದ್ದು ಗೋಡೆಯ ಕೆಳಗೆ ಅನಾಥರ ನಿಧಿಯಿದೆ ಎಂಬುದು. ಪ್ರವಾದಿವರ್ಯರ(ಸ) ಸಂಗಾತಿಗಳು ವಯಸ್ಸಾದ ಮೇಲೂ ಕಲಿತರೆಂಬುದನ್ನು ಇಮಾಮ್ ಬುಖಾರಿಯವರು ವಿಶೇಷವಾಗಿ ದಾಖಲಿಸಿದ್ದಾರೆ.

ಅಡ್ಡದಾರಿಯೂ ಇದೆ. ಕೂರದೆ ಪದವಿ ಕೊಡುತ್ತೇವೆ ಎನ್ನುವವರಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಒಡಿಶಾದ ಲಿಫ್ಟ್ ಇರಿಗೇಶನ್ ನಿಗಮದ ಪ್ರಕರಣದಲ್ಲಿ 2017ರ ನವೆಂಬರ್ 3ರಂದು ಸುಪ್ರೀಮ್ ಕೋರ್ಟ್ ತೀರ್ಪು ನೀಡಿ, ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದ ಮೂಲಕ ಕೊಟ್ಟ ಇಂಜಿನಿಯರಿಂಗ್ ಪದವಿಗಳನ್ನು ಅಮಾನ್ಯಗೊಳಿಸಿತು. 2001ರಿಂದ 2005ರ ನಡುವೆ ಸೇರಿದವರಿಗೆ ಪರೀಕ್ಷೆ ಬರೆದು ಪದವಿ ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು, ನಂತರದವರಿಗೆ ಅದೂ ಸಿಗಲಿಲ್ಲ. ಅವರಲ್ಲಿ ಬಡ್ತಿಗಾಗಿ ಹಗಲು ದುಡಿದು ರಾತ್ರಿ ಓದಿದ ಪ್ರಾಮಾಣಿಕರೂ ಇದ್ದಿರಬೇಕು. ಅವರಿಗಾದ ಮೋಸಕ್ಕೆ ಮರುಗಬೇಕು. ಆದರೆ ಕಲಿಯದೆ ಪಡೆದ ಪ್ರಮಾಣಪತ್ರ ಸುಳ್ಳುಸಾಕ್ಷಿಯ ಸಂತತಿ, ಮತ್ತು ಸುಳ್ಳುಸಾಕ್ಷಿ ಮಹಾಪಾಪಗಳಲ್ಲೊಂದು.

ಇನ್ನು ಮನೆಯ ಮಾತು. ಡಿಪ್ಲೊಮಾದವರಿಗೆ ನೇರ ಎರಡನೆಯ ವರ್ಷಕ್ಕೆ ಪ್ರವೇಶವಿದ್ದರೂ ಮೂರು ವರ್ಷ ಸಂಬಳವಿಲ್ಲ. ಹಗಲೆಲ್ಲ ಉಪವಾಸವಿದ್ದು ರಾತ್ರಿಯೆಲ್ಲ ನಮಾಝ್ ಮಾಡುತ್ತಿದ್ದ ಸಂಗಾತಿಗೆ, ನಿನ್ನ ಶರೀರಕ್ಕೂ ಪತ್ನಿಗೂ ನಿನ್ನ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ತಿಳಿಹೇಳಿದರು. ಆರಾಧನೆಗೇ ಆ ಮಿತಿಯಿರುವಾಗ ಇಂಜಿನಿಯರಿಂಗಿಗೆ ಇಲ್ಲವೇ? ತೀರ್ಮಾನಿಸಿದ ಮೇಲೆ ಪತ್ನಿಗೆ ಸುದ್ದಿ ಹೇಳುವುದು ಸಮಾಲೋಚನೆಯಲ್ಲ. ಅವಳು ‘ಈಗ ಬೇಡ, ಚಿಕ್ಕವನು ಶಾಲೆಗೆ ಸೇರಲಿ’ ಎಂದರೆ ಆ ಮಾತಿಗೆ ತೂಕವಿದೆ. ಕೆಲಸದಲ್ಲಿರುವವರಿಗೆ ಅನುಕೂಲದ ಸಮಯದಲ್ಲಿ ತರಗತಿ ನಡೆಸಲು ಎ.ಐ.ಸಿ.ಟಿ.ಇ. 2023ರ ಸುಮಾರಿಗೆ ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ಹತ್ತಿರದಲ್ಲಿ ಅಂಥ ತರಗತಿಯಿದೆಯೇ ಎಂದು ಕೆಲಸ ಬಿಡುವ ಮೊದಲೇ ವಿಚಾರಿಸಬೇಕು.

ಹಣದ ವಿಷಯದಲ್ಲಿ ಬಡ್ಡಿಯ ಸಾಲಕ್ಕೆ ಕೈಯೊಡ್ಡುವ ಮುನ್ನ ಉಳಿದ ಬಾಗಿಲುಗಳನ್ನೆಲ್ಲ ತಟ್ಟಿರಬೇಕು. ಸಿ.ಇ.ಟಿ. ಮೂಲಕ ವೃತ್ತಿ ಶಿಕ್ಷಣಕ್ಕೆ ಸೇರುವ ಅಲ್ಪಸಂಖ್ಯಾತರಿಗೆ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ. ಅದಕ್ಕೆ ಬಡ್ಡಿಯೆನ್ನದೆ ಶೇ. 2ರ ಸೇವಾ ಶುಲ್ಕ ಹಾಕುತ್ತಾರೆ. ಆ ಶುಲ್ಕ ನಿಜಕ್ಕೂ ಸೇವೆಯ ವೆಚ್ಚವೇ ಎಂಬುದನ್ನು ಬಲ್ಲ ಆಲಿಮರಲ್ಲಿ, ಡಿಪ್ಲೊಮಾದಿಂದ ಬಂದವರಿಗೆ ಸಾಲ ಅನ್ವಯಿಸುತ್ತದೆಯೇ ಎಂಬುದನ್ನು ನಿಗಮದ ಜಿಲ್ಲಾ ಕಚೇರಿಯಲ್ಲಿ ಕೇಳಿಕೊಳ್ಳಿ. ಮದುವೆಯ ಊಟಕ್ಕೆ ಲಕ್ಷಗಟ್ಟಲೆ ಸುರಿಯುವ ನಮ್ಮ ಜಮಾಅತ್‌ಗಳು, ಮೂರು ವರ್ಷ ಇಂಥವನೊಬ್ಬನ ಮನೆಗೆ ತಿಂಗಳ ಅಕ್ಕಿ ಬೇಳೆ ಮುಟ್ಟಿಸುವ ಹೊಣೆ ಹೊತ್ತರೆ ಸಾಲದ ಮಾತೇ ಅರ್ಧ ಕಡಿಮೆಯಾಗುತ್ತದೆ. ಆದರೆ ಆ ಅಕ್ಕಿ ಅವನ ಮನೆಗೆ ಮುಟ್ಟಿದ್ದು ಊರಿಗೆ ಗೊತ್ತಾಗದಿರಲಿ.