ಕತ್ತರಿ ಹಿಡಿದ ಕೈ



ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಕ್ಷೌರಿಕನಿಗೆ ಕೂಲಿ ಎಂದರೆ ಆಯ. ವರ್ಷವಿಡೀ ದುಡಿದದ್ದಕ್ಕೆ ಸುಗ್ಗಿಯ ಕಣದಲ್ಲಿ ಒಂದಿಷ್ಟು ಜೋಳ, ತೊಗರಿ. ಶಹಾಬಾದ್, ವಾಡಿಗಳಲ್ಲಿ ಕಲ್ಲುಗಣಿ, ರೈಲು, ಸಿಮೆಂಟ್ ಕಾರ್ಖಾನೆಗಳಿಂದ ಪೇಟೆ ಬೆಳೆದಾಗ ಅವನು ಕುರ್ಚಿ, ಕನ್ನಡಿ ಇಟ್ಟು ಅಂಗಡಿಕಾರನಾದ. ಕೈಗೆ ರೊಕ್ಕ ಬಂತು. ಗೌರವ ಬಂತೇ? ವಾರಕ್ಕೊಮ್ಮೆ ಅವನ ಮುಂದೆ ತಲೆಬಾಗಿ ಕೂರುವ ನಾವೇ, ಶುಭಕಾರ್ಯಕ್ಕೆ ಹೊರಟಾಗ ಅವನು ಎದುರಾದರೆ ಮುಖ ಸಿಂಡರಿಸುತ್ತೇವೆ.

ಈ ಮೌಢ್ಯವನ್ನು ಹನ್ನೆರಡನೇ ಶತಮಾನದಲ್ಲೇ ಕಲ್ಯಾಣದ ಶರಣರು ಮುರಿದರು. ಕ್ಷೌರಿಕ ಕುಲದ ಹಡಪದ ಅಪ್ಪಣ್ಣನವರು ಬಸವಣ್ಣನವರ ಆಪ್ತರು. ತಮ್ಮನ್ನು ಕಾಣಬಂದವರು ಮೊದಲು ಅಪ್ಪಣ್ಣನವರನ್ನೇ ಕಾಣಬೇಕೆಂದು ಬಸವಣ್ಣನವರು ಏರ್ಪಡಿಸಿದ್ದರೆಂದು ನಮ್ಮ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಅಪ್ಪಣ್ಣನವರೂ ಅವರ ಮಡದಿ ಲಿಂಗಮ್ಮನವರೂ ವಚನಕಾರರು.

ನಮ್ಮ ಧರ್ಮಸಭೆಯಲ್ಲೂ ಇಂಥ ಒಬ್ಬರಿದ್ದಾರೆ, ಪಿಯೆರ್ ತೂಸೆಂ. ಇಂದಿನ ಹೈಟಿಯಲ್ಲಿ ಗುಲಾಮರಾಗಿ ಹುಟ್ಟಿದ ಅವರು 1787ರಲ್ಲಿ ಒಡೆಯನ ಕುಟುಂಬದೊಂದಿಗೆ ನ್ಯೂಯಾರ್ಕಿಗೆ ಬಂದು ಕೇಶ ಶೃಂಗಾರದ ಕಸುಬು ಕಲಿತರು. ಒಡೆಯ ಎಲ್ಲವನ್ನೂ ಕಳೆದುಕೊಂಡು ತೀರಿಹೋದಾಗ, ಅವನ ವಿಧವೆಯ ಮನೆಯನ್ನು ತಮ್ಮ ಸಂಪಾದನೆಯಿಂದಲೇ ನಡೆಸಿದರು. 1807ರಲ್ಲಿ ಅವರಿಗೆ ಬಿಡುಗಡೆಯಾಯಿತು. ಕಸುಬು ಕೈಹಿಡಿಯಿತು, ಹಣ ಸೇರಿತು. ಆ ಹಣದಿಂದ ಬೇರೆ ಗುಲಾಮರ ಬಿಡುಗಡೆ ಕೊಂಡರು, ಅನಾಥ ಮಕ್ಕಳನ್ನು ಮನೆಗೆ ತಂದು ಸಾಕಿದರು. ದಿನವೂ ಮುಂಜಾನೆ ಬಲಿಪೂಜೆ, ಆಮೇಲೆ ಮನೆಮನೆಗೆ ನಡೆದು ಕೆಲಸ. ಮುಪ್ಪಿನಲ್ಲಿ, "ಇನ್ನು ಸಾಕು, ವಿಶ್ರಮಿಸಿ" ಎಂದವರಿಗೆ ಅವರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ತಮಗಾಗುವಷ್ಟು ಇದೆ, ಆದರೆ ಕೆಲಸ ಬಿಟ್ಟರೆ ಇತರರಿಗೆ ಸಾಲದು. 1853ರಲ್ಲಿ ಆ ದೀರ್ಘ ಬಾಳು ಮುಗಿಯಿತು.

ದುಡಿಮೆಗೆ ಘನತೆ ಬರುವುದು ದುಡಿಯುವ ಮನುಷ್ಯನಿಂದಲೇ ಎಂದು ಜಗದ್ಗುರು ಎರಡನೆಯ ಜಾನ್ ಪಾಲರು ತಮ್ಮ 1981ರ ಪರಿಪತ್ರದಲ್ಲಿ ಬೋಧಿಸಿದರು. ಅದೇ ಜಗದ್ಗುರುಗಳು 1996ರಲ್ಲಿ ಈ ಕ್ಷೌರಿಕರನ್ನು 'ಪೂಜ್ಯರು' ಎಂದು ಸಾರಿದರು.

ಪ್ರಿಯರೇ, ನಮ್ಮ ಊರಿನ ಕಟಿಂಗ್ ಅಂಗಡಿಯಲ್ಲಿ ನಲವತ್ತು ಐವತ್ತು ವರ್ಷ ನಿಂತೇ ದುಡಿದ ಹಿರಿಯರಿದ್ದಾರೆ. ಅಂಗಡಿ ಎಷ್ಟು ದೊಡ್ಡದಾಯಿತೆಂದು ನಾವು ಲೆಕ್ಕ ಹಾಕುತ್ತೇವೆ. ಆ ಕತ್ತರಿಯಿಂದ ಎಷ್ಟು ಒಲೆ ಉರಿದವು, ಎಷ್ಟು ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು ಎಂದು ಕೇಳಿದ್ದೇವೆಯೇ? ತಂದೆಯ ಕಸುಬು ಹೇಳಲು ಮಗ ನಾಚುವನಾದರೆ, ಆ ನಾಚಿಕೆಯನ್ನು ಅವನಿಗೆ ಕಲಿಸಿದವರು ನಾವು.

ಈ ವಾರ ಕುರ್ಚಿಯಲ್ಲಿ ಕೂತಾಗ ಆ ಹಿರಿಯರನ್ನು "ಕಾಕಾ" ಎಂದು ಬಾಯಿತುಂಬ ಕರೆಯಿರಿ. ಅವರ ಮನೆಮಂದಿಯ ಕ್ಷೇಮ ವಿಚಾರಿಸಿ. ನಿಮ್ಮ ಮನೆಯ ಮದುವೆಗೆ ಮೊದಲ ಪಂಕ್ತಿಯಲ್ಲಿ ಕೂರಿಸಿ. ನಮ್ಮ ತಲೆಗೂದಲಿನ ಲೆಕ್ಕವೂ ತಂದೆಯಾದ ದೇವರಲ್ಲಿದೆ ಎಂದು ಯೇಸುಸ್ವಾಮಿ ತಿಳಿಸಿದ್ದಾರೆ. ಆ ಕೂದಲನ್ನು ಜೀವಮಾನವಿಡೀ ಒಪ್ಪವಾಗಿಸಿದ ಕೈಗಳನ್ನು ಆತನು ಮರೆಯುವನೇ?